ಹರ್ಡಲ್, ತಡಬೆ ಮತ್ತು ಒಂದು ಅರ್ಜಿ

ಈ ಸಲ ಒಂದು ಇಂಗ್ಲಿಷ್ ಪದ ತಗೊಂಡು ಅದರ ಅರ್ಥ, ಬಳಕೆ ಎಲ್ಲಾ ಕನ್ನಡದಲ್ಲಿ ಬರೀ ಅಂತ ಸಂಘದ ಸೀನಿಯರ್ಸ್ ಹೇಳಿದ್ರು. ನಾನು ಎಲ್‌ಕೆಜಿಯಿಂದ ಪಿಯುಸಿವರೆಗೆ ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡ ಸೆಕೆಂಡ್ ಲ್ಯಾಂಗ್ವೇಜ್. ಹಾಗಾಗಿ ಒತ್ತಕ್ಷರ ತಪ್ಪಿದ್ದರೆ ಬೈಕೊಳ್ಳದೆ ಓದಿ. ನಾನು ಆರಿಸಿಕೊಂಡ ಪದ ಹರ್ಡಲ್. ಯಾಕೆ ಅದೇ ಅಂದ್ರೆ, ಹೋದ ಮಳೆಗಾಲದಲ್ಲಿ ಆ ಪದ ನನ್ನನ್ನ ಒಂದು ಅರ್ಜಿಯ ಮಧ್ಯದಲ್ಲಿ ಕೈಬಿಟ್ಟಿತ್ತು.

ನಮ್ಮ ಮನೆ ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ಕಡೆ, ಟಾರ್ ರಸ್ತೆ ಬಿಟ್ಟು ಒಳಗೆ. ಮೂರು ಎಕರೆ ಕಾಫಿ, ಮಧ್ಯೆ ಮೆಣಸು, ಕೆಳಗೆ ಸ್ವಲ್ಪ ಅಡಿಕೆ. ಮನೆಗಳಿರುವ ದಿಬ್ಬಕ್ಕೂ ಸರ್ಕಾರಿ ಶಾಲೆಗೂ ನಡುವೆ ಒಂದು ಹಳ್ಳ ಹರಿಯುತ್ತೆ. ಮಾರ್ಚ್‌ನಲ್ಲಿ ನೋಡಿದ್ರೆ ಇದನ್ನ ಹಳ್ಳ ಅಂತಾರಾ ಅನ್ನಿಸುತ್ತೆ, ಕಲ್ಲಿಂದ ಕಲ್ಲಿಗೆ ಕಾಲಿಟ್ಟು ಚಪ್ಪಲಿ ಒದ್ದೆ ಆಗದ ಹಾಗೆ ದಾಟಬಹುದು. ಜುಲೈನಲ್ಲಿ ಅದರ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತೆ. ನಾನು ಆ ಹಳ್ಳ ದಾಟಿ ಶಾಲೆಗೆ ಹೋದವಳಲ್ಲ. ನನ್ನ ಸ್ಕೂಲ್ ವ್ಯಾನ್ ರಸ್ತೆ ಕಡೆಯಿಂದ ಬರ್ತಿತ್ತು. ಪಕ್ಕದ ಮನೆ ಚಿಕ್ಕಮ್ಮನ ಮಗಳು, ಐದನೇ ಕ್ಲಾಸು, ದಿನಾ ಅದನ್ನೇ ದಾಟಬೇಕು. ಅವಳ ಜೊತೆ ಲೈನ್‌ಮನೆಯ ನಾಲ್ಕು ಮಕ್ಕಳು.

ರಜೆಗೆ ಹೋಗಿದ್ದಾಗ ಚಿಕ್ಕಮ್ಮ ಒಂದು ಬಿಳಿ ಹಾಳೆ ಹಿಡ್ಕೊಂಡು ಬಂದ್ರು. "ಎಂಜಿನಿಯರಿಂಗ್ ಓದ್ತೀಯಲ್ಲ ಮಾರಾಯ್ತಿ, ಹಳ್ಳಕ್ಕೊಂದು ಸಂಕ ಬೇಕು ಅಂತ ಒಂದು ಅರ್ಜಿ ಬರ್ದು ಕೊಡು. ಕನ್ನಡದಲ್ಲೊಂದು, ಇಂಗ್ಲಿಷಲ್ಲೊಂದು." ಇಂಗ್ಲಿಷಿನದು ಐದು ನಿಮಿಷಕ್ಕೆ ಮುಗೀತು. ಮಕ್ಕಳ ವಿದ್ಯಾಭ್ಯಾಸಕ್ಕೆ ಈ ಹಳ್ಳ 'ಎ ಮೇಜರ್ ಹರ್ಡಲ್' ಅಂತ ಬರೆದು ಬೀಗಿದೆ. ಕನ್ನಡಕ್ಕೆ ಬಂದಾಗ ಪೆನ್ನು ನಿಂತಿತು. ಹರ್ಡಲ್‌ಗೆ ಏನು? ಫೋನಲ್ಲಿ ನೋಡಿದೆ: ಅಡಚಣೆ, ಅಡ್ಡಿ, ತಡೆ, ತೊಡಕು, ವಿಘ್ನ. ಮೊದಲನೆಯದನ್ನೇ ಹಾಕಿ "ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ತೆರಳಲು ಅಡಚಣೆಯಾಗುತ್ತಿದೆ" ಅಂತ ಬರೆದು ಗಟ್ಟಿಯಾಗಿ ಓದಿದೆ.

ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಅಡಚಣೆ ಅಂದ್ರೆ ಎಂತ? ಟಿವಿ ಮಧ್ಯೆ ನಿಂತಾಗ ಬರ್ತದಲ್ಲ, ಅದಾ? ನಮ್ಮದು ಅದಲ್ಲ. ಹೋದ ವರ್ಷ ಹುಡುಗಿ ಒಟ್ಟು ಇಪ್ಪತ್ತಾರು ದಿನ ಮನೆಯಲ್ಲೇ ಇದ್ಲು."

ಆ ಪ್ರಶ್ನೆಗೆ ನನ್ನ ಹತ್ರ ಆಗ ಉತ್ತರ ಇರಲಿಲ್ಲ. ಹಾಸ್ಟೆಲ್‌ಗೆ ವಾಪಸ್ ಬಂದ ಮೇಲೆ ಲೈಬ್ರರಿಯಲ್ಲಿ ಕೂತು ಡಿಕ್ಷನರಿಗಳನ್ನ ತಿರುವಿ ಹಾಕಿದ್ದರ ಫಲ ಈ ಲೇಖನ.

ಮೊದಲು ಹರ್ಡಲ್ ಎಲ್ಲಿಂದ ಬಂತು ನೋಡೋಣ. ನಮಗೆಲ್ಲ ಹರ್ಡಲ್ ಅಂದ ಕೂಡಲೇ ನೆನಪಾಗೋದು ಸ್ಪೋರ್ಟ್ಸ್ ಡೇ, ಟ್ರ್ಯಾಕ್ ಮೇಲೆ ಸಾಲಾಗಿ ನಿಲ್ಲಿಸಿದ ಬಿಳಿ ಪಟ್ಟಿಗಳು. ಆದರೆ ಪದ ಓಟಕ್ಕಿಂತ ತುಂಬಾ ಹಳೆಯದು. ಹಳೆ ಇಂಗ್ಲಿಷಿನಲ್ಲಿ 'ಹ್ಯುರ್ಡೆಲ್' ಅಂದ್ರೆ ಕಡ್ಡಿ, ಬಳುಕುವ ಕೊಂಬೆಗಳನ್ನ ಹೆಣೆದು ಮಾಡಿದ ಚೌಕಟ್ಟು. ಬಾಗಿಲು ಅನ್ನೋ ಅರ್ಥದ ಒಂದು ಪದದಿಂದ ಹುಟ್ಟಿದ್ದು, ಅಂದ್ರೆ ಸಣ್ಣ ಬಾಗಿಲು ಅಂದ ಹಾಗೆ. ಇಂಗ್ಲೆಂಡಿನ ಕುರಿ ಸಾಕುವವರು ಇಂಥ ಹೆಣೆದ ಚೌಕಟ್ಟುಗಳನ್ನ ಹೊಲದಲ್ಲಿ ಗೂಟಕ್ಕೆ ಕಟ್ಟಿ ರಾತ್ರಿ ಕುರಿಗಳನ್ನ ಒಳಗೆ ಕೂಡುತ್ತಿದ್ರು. ಮರುದಿನ ಕಿತ್ತು ಪಕ್ಕದ ಜಾಗಕ್ಕೆ. ಹೊಲಕ್ಕೆ ಗೊಬ್ಬರವೂ ಆಯ್ತು. ನಮ್ಮ ಬಯಲುಸೀಮೆಯಲ್ಲಿ ಕುರಿ ಮಂದೆ ನಿಲ್ಲಿಸುತ್ತಾರಲ್ಲ, ಅದೇ ಲೆಕ್ಕ. ಇದೇ ಹೆಣೆದ ಚೌಕಟ್ಟಿಗೆ ಇನ್ನೊಂದು ಘೋರ ಉಪಯೋಗವೂ ಇತ್ತು. ರಾಜದ್ರೋಹ ಮಾಡಿದವರನ್ನ ಅದರ ಮೇಲೆ ಕಟ್ಟಿ ಕುದುರೆಯಿಂದ ಗಲ್ಲಿನ ಜಾಗಕ್ಕೆ ಎಳೆಸುತ್ತಿದ್ರಂತೆ. ಆ ಅರ್ಥ ಸತ್ತುಹೋಗಿದೆ, ಬಿಡಿ.

ಕುರಿ ಬೇಲಿಯನ್ನ ಹಾರಿ ಓಡುವ ಆಟ ಶುರುವಾಗಿದ್ದು ಆಮೇಲೆ. ಆಟದಿಂದ 'ದಾರಿಯಲ್ಲಿ ಎದುರಾಗುವ ಕಷ್ಟ' ಅನ್ನೋ ಅರ್ಥ ಬಂದದ್ದು ಇನ್ನೂ ಆಮೇಲೆ. ಅಂದ್ರೆ ಮೊದಲು ವಸ್ತು, ಆಮೇಲೆ ಆಟ, ಕೊನೆಗೆ ಕಷ್ಟ.

ಇದನ್ನ ಓದುವಾಗ ನನಗೆ ಥಟ್ ಅಂತ ಹೊಳೆದದ್ದು ನಮ್ಮ ಕನ್ನಡದ ತಡಿಕೆ. ಬಿದಿರು ಸೀಳಿ ಹೆಣೆದ ತಟ್ಟಿಗೆ ತಡಿಕೆ ಅಂತಾರೆ. ಮಣ್ಣು ಮೆತ್ತಿದರೆ ಅದೇ ಗೋಡೆ. ಹರ್ಡಲ್‌ನ ಮೂಲ ಅರ್ಥಕ್ಕೆ ಇದಕ್ಕಿಂತ ಹತ್ತಿರದ ಪದ ನನಗೆ ಸಿಗಲಿಲ್ಲ. ಹಾಗಂತ ಯಾರೂ 'ಜೀವನದಲ್ಲಿ ತಡಿಕೆಗಳು ಬಂದವು' ಅಂತ ಹೇಳಲ್ಲ. ವಸ್ತು ಒಂದೇ, ಆದರೆ ಅವರ ಪದ ಓಟದ ಮೈದಾನಕ್ಕೆ ಹೋಯ್ತು, ನಮ್ಮದು ಮನೆಯ ಗೋಡೆಯಲ್ಲೇ ಉಳೀತು.

ಮಲೆನಾಡಿನವರಿಗೆ ಇನ್ನೂ ಎರಡು ಪದ ಗೊತ್ತಿರುತ್ತೆ, ಬೇರೆಯವರಿಗೆ ಹೇಳ್ತೀನಿ. ಒಂದು ಉಣುಗೋಲು. ತೋಟಕ್ಕೋ ಗದ್ದೆಗೋ ಹೋಗುವ ಕಡೆ ಎರಡು ಗೂಟ, ಗೂಟಕ್ಕೆ ತೂತು, ತೂತಿಗೆ ಅಡ್ಡಲಾಗಿ ತೂರಿಸಿದ ಬಿದಿರಿನ ಗಳುಗಳು. ಹೋಗುವಾಗ ಗಳು ಸರಿಸಬೇಕು, ಹೋದ ಮೇಲೆ ಮತ್ತೆ ಹಾಕಬೇಕು. ಹಾಕದೆ ಹೋದರೆ ದನ ನುಗ್ಗಿ ಸಂಜೆ ಮನೆಯಲ್ಲಿ ಮಂಗಳಾರತಿ. ಇನ್ನೊಂದು ತಡಬೆ. ಇದು ಬೇಲಿಯ ಮಧ್ಯೆ ಮನುಷ್ಯರು ಹತ್ತಿ ಇಳಿದು ದಾಟೋಕೆ ಅಂತ ಮಾಡಿದ ಜಾಗ. ಮನುಷ್ಯರು ದಾಟಬಹುದು, ದನಕ್ಕೆ ಆಗಲ್ಲ. ಕರಾವಳಿ ಕಡೆ ತಡಮೆ ಅಂತಾರೆ. ಕುವೆಂಪು ಅವರ ಕಾದಂಬರಿಗಳಲ್ಲಿ ಈ ಉಣುಗೋಲು, ತಡಬೆ ಎರಡೂ ಸಿಗುತ್ತವೆ. ಅವರು ಹುಟ್ಟಿದ್ದು ನಮ್ಮ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಅಂತ ಹೇಳಿಕೊಳ್ಳೋ ಚಾನ್ಸ್ ಸಿಕ್ಕಿದ್ದಕ್ಕೆ ಬಿಡ್ತಾ ಇಲ್ಲ.

ತಡಬೆಯನ್ನ ನೆನಪಿಟ್ಟುಕೊಂಡ್ರೆ ಹರ್ಡಲ್‌ನ ಬಳಕೆ ಅರ್ಧ ಅರ್ಥವಾದ ಹಾಗೆ. ಎರಡರಲ್ಲೂ ದಾಟೋದು ಅನ್ನೋದು ಒಳಗೇ ಇದೆ. ಓಟದ ಹರ್ಡಲ್‌ನ ಅಳತೆ ನೋಡಿ. ಮಹಿಳೆಯರ 400 ಮೀಟರ್ ಓಟದಲ್ಲಿ 10 ಹರ್ಡಲ್, ಎತ್ತರ 76.2 ಸೆಂಟಿಮೀಟರ್. ಶುರುವಿನಿಂದ ಮೊದಲನೆಯದಕ್ಕೆ 45 ಮೀಟರ್, ಆಮೇಲೆ 35 ಮೀಟರಿಗೊಂದು, ಕೊನೆಯದರಿಂದ ಗೆರೆಗೆ 40 ಮೀಟರ್. ಕೂಡಿಸಿ ನೋಡಿ, ಸರಿಯಾಗಿ 400 ಬರುತ್ತೆ. (ನಾನು ಕೂಡಿಸಿದೆ.) ಪುರುಷರ 110 ಮೀಟರಿನಲ್ಲಿ ಎತ್ತರ 106.7 ಸೆಂಟಿಮೀಟರ್. ಇದೇನಪ್ಪ ವಿಚಿತ್ರ ದಶಮಾಂಶ ಅಂದ್ರೆ, ಅದು ಮೂರೂವರೆ ಅಡಿ. ಎಷ್ಟು ಎತ್ತರ, ಎಷ್ಟು ದೂರ, ಎಷ್ಟು ಹೆಜ್ಜೆ, ಎಲ್ಲಾ ಓಟಗಾರರಿಗೆ ಮೊದಲೇ ಗೊತ್ತು. ಬೇಕಂತ ಮಾಡದೆ ಕಾಲು ತಾಗಿ ಹರ್ಡಲ್ ಬಿದ್ದರೆ ಔಟ್ ಕೂಡ ಅಲ್ಲ, ಸ್ವಲ್ಪ ಸಮಯ ಹೋಗುತ್ತೆ ಅಷ್ಟೇ. ಆ ಸ್ವಲ್ಪ ಸಮಯ ಎಷ್ಟು ದುಬಾರಿ ಅಂತ ಕೇಳಬೇಕಂದ್ರೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಪಿ.ಟಿ. ಉಷಾ ಇದೇ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳಕೊಂಡು ನಾಲ್ಕನೆಯವರಾದ್ರು. 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದೇ ಓಟದಲ್ಲಿ ಚಿನ್ನ ಗೆದ್ದದ್ದು ಘಾಟಿ ಕೆಳಗಿನ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ.

ಹಾಗಾಗಿ ಇಂಗ್ಲಿಷಿನಲ್ಲಿ ಹರ್ಡಲ್ ಅಂದಾಗ ಕೇಳುವವರ ತಲೆಯಲ್ಲಿ ಮೂಡೋದು ಒಂದು ಓಟ. ದಾರಿ ಇದೆ, ಗುರಿ ಇದೆ, ನಡುವೆ ಒಂದಾದ ಮೇಲೊಂದು ನಿಂತಿವೆ, ಹಾರಿದರೆ ಮುಂದೆ ಹೋಗಬಹುದು. ಅದಕ್ಕೇ 'ಫಸ್ಟ್ ಹರ್ಡಲ್', 'ಫೈನಲ್ ಹರ್ಡಲ್' ಅಂತ ಎಣಿಸುತ್ತಾರೆ. ಪ್ಲೇಸ್‌ಮೆಂಟ್‌ನಲ್ಲಿ ಆಪ್ಟಿಟ್ಯೂಡ್ ಟೆಸ್ಟ್ ಮೊದಲನೇ ಹರ್ಡಲ್, ಟೆಕ್ನಿಕಲ್ ರೌಂಡ್ ಎರಡನೆಯದು. 'ಕ್ಲಿಯರ್ ಎ ಹರ್ಡಲ್' ಅಂದ್ರೆ ತಾಗದೆ ಹಾರುವುದು. ಶುರುವಿನಲ್ಲೇ ಸೋತರೆ 'ಫೆಲ್ ಅಟ್ ದ ಫಸ್ಟ್ ಹರ್ಡಲ್'. ಕಂಪನಿಗಳು ಒಂದು ಪ್ರಾಜೆಕ್ಟಿಗೆ ದುಡ್ಡು ಹಾಕಬೇಕಾದರೆ ಕನಿಷ್ಠ ಇಷ್ಟು ಪರ್ಸೆಂಟ್ ಲಾಭ ಬರಲೇಬೇಕು ಅಂತ ಇಟ್ಟುಕೊಳ್ಳುವ ಮಟ್ಟಕ್ಕೆ 'ಹರ್ಡಲ್ ರೇಟ್' ಅಂತಾರೆ. ಅದೂ ಹಾರಬೇಕಾದ ಒಂದು ಎತ್ತರವೇ. ಇನ್ನೊಂದು ಎಚ್ಚರಿಕೆ: 'ಹರ್ಟಲ್' ಬೇರೆ ಪದ, ರಭಸದಿಂದ ನುಗ್ಗೋದು ಅಂತ. ಒಂದು ಸೆಮಿನಾರಿನಲ್ಲಿ ನಾನೇ ಡಕಾರದ ಜಾಗದಲ್ಲಿ ಟಕಾರ ಹಾಕಿ, ನಮ್ಮ ಟೀಮ್ ಅನೇಕ ನುಗ್ಗಾಟಗಳನ್ನ ಎದುರಿಸಿತು ಅನ್ನೋ ಅರ್ಥ ಬರುವ ಹಾಗೆ ಸ್ಲೈಡ್ ಹಾಕಿದ್ದೆ. ಯಾರೂ ಗಮನಿಸಲಿಲ್ಲ, ಅದೂ ಬೇಜಾರೇ.

ಹಾಗಾದ್ರೆ ಆಬ್ಸ್ಟಕಲ್? ಲ್ಯಾಟಿನ್‌ನಲ್ಲಿ ಅದರ ಮೂಲಾರ್ಥ 'ಎದುರಿಗೆ ನಿಲ್ಲು'. ಎದುರಿಗೆ ನಿಂತದ್ದನ್ನ ಹಾರಲೇಬೇಕು ಅಂತಿಲ್ಲ, ಸುತ್ತಿಕೊಂಡೂ ಹೋಗಬಹುದು. ನಾವು ಫಸ್ಟ್ ಇಯರ್‌ನಲ್ಲಿ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿ ಮಾಡಿದ ಪುಟ್ಟ ರೋಬೋಟ್ ನೆನಪಿದೆಯಾ? ಗೋಡೆ ಹತ್ತಿರ ಬಂದ ಕೂಡಲೇ ತಿರುಗೋದು. ಅದಕ್ಕೆ 'ಆಬ್ಸ್ಟಕಲ್ ಅವಾಯ್ಡಿಂಗ್ ರೋಬೋಟ್' ಅಂತಾರೆ, 'ಹರ್ಡಲ್ ಅವಾಯ್ಡಿಂಗ್' ಅಂತ ಯಾರೂ ಅನ್ನಲ್ಲ. ಹರ್ಡಲನ್ನ ಸುತ್ತಿಕೊಂಡು ಹೋದರೆ ಓಟದಿಂದಲೇ ಔಟ್.

ಬ್ಯಾರಿಯರ್ ಇನ್ನೊಂದು ಥರ. ಅದು ಎರಡು ಕಡೆಯನ್ನ ಬೇರೆ ಮಾಡೋದು. ಡಯೋಡ್ ಪಾಠದ ಪೊಟೆನ್ಷಿಯಲ್ ಬ್ಯಾರಿಯರ್, ಸಿಲಿಕಾನಿಗೆ ಸುಮಾರು 0.7 ವೋಲ್ಟ್, ಪಿ ಕಡೆ ಎನ್ ಕಡೆ ಎರಡರ ಮಧ್ಯೆ ನಿಂತಿದೆ. ನಮ್ಮೂರ ಕಡೆ ಬ್ಯಾರಿಯರ್ ಅಂದ್ರೆ ಆನೆ. ಮೂಡಿಗೆರೆ ಸುತ್ತ ಕಾಡಿನ ಅಂಚಿನಲ್ಲಿ ಆನೆ ಕಂದಕ, ಸೋಲಾರ್ ಬೇಲಿ. ಕೊಡಗು, ನಾಗರಹೊಳೆ ಕಡೆ ಹಳೆ ರೈಲು ಕಂಬಿಗಳ ತಡೆ. ಹಾಕಿದವರಿಗೆ ಅದು ಬ್ಯಾರಿಯರ್. ಆನೆ ಏನು ಮಾಡುತ್ತೆ ಗೊತ್ತಲ್ಲ, ಕಂದಕದ ದಂಡೆಯ ಮಣ್ಣು ಕಾಲಿಂದ ತಳ್ಳಿ ತುಂಬಿಸುತ್ತೆ, ಮರ ಬೀಳಿಸಿ ಬೇಲಿ ತುಳಿಯುತ್ತೆ. ಅದರ ಲೆಕ್ಕದಲ್ಲಿ ಇದು ಹರ್ಡಲ್. 2018ರ ಡಿಸೆಂಬರ್‌ನಲ್ಲಿ ನಾಗರಹೊಳೆ ಅಂಚಿನಲ್ಲಿ ಒಂದು ಆನೆ ರೈಲು ಕಂಬಿ ದಾಟೋಕೆ ಹೋಗಿ ಮೇಲೆಯೇ ಸಿಕ್ಕಿಕೊಂಡು ಸತ್ತಿತು. ಅದರ ಫೋಟೋ ನೋಡಿದವರಿಗೆ ಮರೆಯೋಕಾಗಲ್ಲ. ತೋಟದಲ್ಲಿ ಆನೆ ಕಾಲಿಗೆ ಸಿಕ್ಕವರ ಮನೆಯವರಿಗೆ ಬ್ಯಾರಿಯರ್ ಬೇಡ ಅಂತಲೂ ಹೇಳೋಕಾಗಲ್ಲ.

ಇಂಪೆಡಿಮೆಂಟ್ ಪದದ ಒಳಗೆ ಕಾಲಿದೆ. ಲ್ಯಾಟಿನ್‌ನ 'ಪೆಡ್' ಅಂದ್ರೆ ಪಾದ. ಕಾಲಿಗೆ ಕಟ್ಟು ಹಾಕೋದು ಮೂಲಾರ್ಥ. ರೋಮನ್ ಸೈನ್ಯದ ಸಾಮಾನು ಸರಂಜಾಮಿಗೂ ಇದೇ ಮೂಲದ ಪದ ಇತ್ತು, ಹೊತ್ತುಕೊಂಡು ಹೋಗುವುದೇ ನಡಿಗೆಯನ್ನ ನಿಧಾನ ಮಾಡುತ್ತಲ್ಲ. ಕನ್ನಡದ ತೊಡರು, ತೊಡಕು ಇದಕ್ಕೆ ಸರಿಯಾದ ಜೋಡಿ: ಬಳ್ಳಿ ಕಾಲಿಗೆ ತೊಡರಿಕೊಂಡ ಹಾಗೆ. ತುಂಟ ದನದ ಕೊರಳಿಗೆ ಮರದ ತುಂಡು ಕಟ್ಟಿಬಿಡ್ತಾರೆ, ಓಡಿದರೆ ಮೊಣಕಾಲಿಗೆ ಬಡಿಯೋ ಹಾಗೆ. ಇಂಪೆಡಿಮೆಂಟ್ ಅಂದ್ರೆ ಅದು. ಎದುರಿಗಲ್ಲ, ಮೈಮೇಲೇ ಇರೋದು. ಇಲೆಕ್ಟ್ರಿಕಲ್‌ನವರು ಕೇಳಿ, ನಿಮ್ಮ ಇಂಪೀಡೆನ್ಸ್ ಇದೇ ಕುಟುಂಬದ್ದು. ಆಲಿವರ್ ಹೆವಿಸೈಡ್ 1886ರಲ್ಲಿ ಇಟ್ಟ ಹೆಸರು. ಎಸಿ ಕರೆಂಟಿನ ಕಾಲಿಗೆ ಬಿದ್ದ ತೊಡರು ಅಂದುಕೊಂಡರೆ ಫಾರ್ಮುಲಾ ಮರೆತರೂ ಅರ್ಥ ಮರೆಯಲ್ಲ.

ಈಗ ನಾವೆಲ್ಲ ಮಾಡುವ ಒಂದು ತಪ್ಪು. ಕನ್ನಡದಲ್ಲಿ ಅಡ್ಡಿ 'ಬರುತ್ತೆ'. ಕೆಲಸಕ್ಕೆ ಅಡ್ಡಿ ಬಂತು, ಮದುವೆಗೆ ವಿಘ್ನ ಬಂತು. ಅದೇ ಲಯದಲ್ಲಿ ನಾವು ಇಂಗ್ಲಿಷಿನಲ್ಲಿ 'ಮೆನಿ ಹರ್ಡಲ್ಸ್ ಕೇಮ್' ಅಂತೀವಿ. ಅಲ್ಲಿ ಹರ್ಡಲ್ ಬರಲ್ಲ, ನಿಂತಲ್ಲೇ ನಿಂತಿರುತ್ತೆ, ಓಡ್ತಾ ಇರೋರು ನಾವು. ಹಾಗಾಗಿ 'ವಿ ಫೇಸ್ಡ್' ಅನ್ನಬೇಕು. ಇನ್ನೊಂದು, ಹರ್ಡಲ್ ಆದಮೇಲೆ 'ಟು' ಬಂದರೆ ಅದರ ಮುಂದೆ 'ಗೆಟ್' ಅಲ್ಲ, 'ಗೆಟಿಂಗ್'. ಲೋನ್ ಸಿಗೋಕೆ ಇರುವ ತೊಂದರೆ 'ಎ ಹರ್ಡಲ್ ಟು ಗೆಟಿಂಗ್ ದ ಲೋನ್'.

ಅಡ್ಡಿಯ ಬಗ್ಗೆ ಹೇಳ್ತಾ 'ಅಡ್ಡಿಯಿಲ್ಲ' ಬಿಡೋಕಾಗಲ್ಲ. ನಮ್ಮ ಅಜ್ಜನಿಗೆ ಕಾಫಿ ಹೇಗಿದೆ ಅಂತ ಕೇಳಿದ್ರೆ "ಅಡ್ಡಿಲ್ಲ" ಅಂತಿದ್ರು. ನನಗೆ ಸೀಟು ಸಿಕ್ಕಿತು ಅಂದಾಗಲೂ "ಅಡ್ಡಿಲ್ಲ". ಬೆಂಗಳೂರಿನ ನನ್ನ ರೂಮ್‌ಮೇಟ್ ಇದನ್ನ ಕೇಳಿ, ಪರವಾಗಿಲ್ಲ ಅಂತ ಸುಮ್ಮನೆ ಹೇಳಿದ್ದು ಅಂದ್ಕೊಂಡಳು. ಅಲ್ಲ, ಅದು ಅವರ ಹೈಯೆಸ್ಟ್ ಗ್ರೇಡ್. ಇಂಗ್ಲಿಷಿನಲ್ಲಿ 'ನೋ ಹರ್ಡಲ್' ಅಂತ ಯಾರನ್ನಾದರೂ ಹೊಗಳಿ ನೋಡಿ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತಡೆ. ತಡೆ ಅಂದ್ರೆ ನಿಲ್ಲಿಸು. 'ಸ್ವಲ್ಪ ತಡಿ' ಅಂದ್ರೆ ಕಾಯಿ. ನೋವು ತಡಕೊಳ್ಳೋದು ಅಂದ್ರೆ ಸಹಿಸೋದು. ತಡ ಅಂದ್ರೆ ಲೇಟ್. ಒಂದೇ ಪದದ ಸುತ್ತ ನಿಲ್ಲೋದು, ಕಾಯೋದು, ಸಹಿಸೋದು, ತಡವಾಗೋದು ಎಲ್ಲಾ ಇದೆ. ಹಾರೋದು ಮಾತ್ರ ಇಲ್ಲ. ಮಲೆನಾಡಿನ ಮಳೆಗಾಲ ನೋಡಿದವರಿಗೆ ಇದು ಆಶ್ಚರ್ಯ ಅನ್ನಿಸಲ್ಲ. ಕಳಸದಿಂದ ಹೊರನಾಡಿಗೆ ಹೋಗುವ ಹೆಬ್ಬಾಳೆ ಸೇತುವೆ ಮೇಲೆ ಭದ್ರಾ ಹರಿದಾಗ ಜನ ಏನು ಮಾಡ್ತಿದ್ರು? ಕೆಲವರು ಸುತ್ತು ದಾರಿ ಹಿಡೀತಿದ್ರು, ಉಳಿದವರು ನೀರು ಇಳಿಯೋವರೆಗೆ ತಡೀತಿದ್ರು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜಾರಿ ರಸ್ತೆ ಮುಚ್ಚಿದಾಗ ಕೊಟ್ಟಿಗೆಹಾರದಲ್ಲೂ ಅದೇ ಕಥೆ. ಇಂಥದ್ದಕ್ಕೆ ಹರ್ಡಲ್ ಅನ್ನೋದು ಆ ಪದಕ್ಕೂ ಜನರಿಗೂ ಸರಿಹೋಗಲ್ಲ. ತುಂಬಿದ ಹಳ್ಳವನ್ನ ಹತ್ತು ವರ್ಷದ ಹುಡುಗಿ ಹಾರಲಿ ಅಂತ ಯಾರೂ ನಿಲ್ಲಿಸಿಲ್ಲ. ಹಾರಿದರೆ ಮೆಡಲ್ ಇಲ್ಲ, ತಪ್ಪಿದರೆ ಹೆಣ.

ನನ್ನ ಇಂಗ್ಲಿಷ್ ಅರ್ಜಿಯ ತಪ್ಪು ಅಲ್ಲಿತ್ತು. 'ಮೇಜರ್ ಹರ್ಡಲ್' ಅಂತ ಬರೆದಾಗ, ಮಕ್ಕಳು ಸ್ವಲ್ಪ ಕಷ್ಟಪಟ್ಟರೆ ದಾಟಬಹುದು ಅಂತ ನಾನೇ ಒಪ್ಪಿಕೊಂಡ ಹಾಗಾಗಿತ್ತು. ಕನ್ನಡದ 'ಅಡಚಣೆ' ಇನ್ನೂ ಸಪ್ಪೆ. ಮರಾಠಿಯಲ್ಲೂ ಇರುವ ಪದ ಅದು, ಇಕ್ಕಟ್ಟು, ತೊಂದರೆ ಅನ್ನೋ ಅರ್ಥಕ್ಕೆ ಚೆನ್ನಾಗಿಯೇ ಒದಗುತ್ತೆ. ಆದರೆ ಕಚೇರಿ ಭಾಷೆಯಲ್ಲಿ ಸವೆದು ಸವೆದು, ಕ್ಷಮೆ ಕೇಳಿದರೆ ಮುಗಿದುಹೋಗುವಷ್ಟು ಹಗುರ ಆಗಿದೆ.

ದಸರಾ ರಜೆಯಲ್ಲಿ ಎರಡನ್ನೂ ಹರಿದು ಹೊಸದಾಗಿ ಬರೆದೆ. ಈ ಸಲ ಅಪ್ಪ, ಚಿಕ್ಕಮ್ಮ, ನಾನು ಹಗ್ಗ ಹಿಡಿದು ಹಳ್ಳ ಅಳೆದ್ವಿ. ಕಲ್ಲಿಂದ ಕಲ್ಲಿಗೆ 18 ಅಡಿ. ಮರದ ಬುಡದಲ್ಲಿ ಕೆಸರಿನ ಗೆರೆ ಎಲ್ಲಿವರೆಗೆ ಇದೆ ನೋಡಿ ಜುಲೈ ನೀರಿನ ಎತ್ತರ ಗುರುತು ಹಾಕಿದ್ವಿ, ನನ್ನ ಎದೆ ಮಟ್ಟ. ಅರ್ಜಿಯಲ್ಲಿ ಹರ್ಡಲ್ ಇಲ್ಲ, ಅಡಚಣೆ ಇಲ್ಲ, ಅಡ್ಡಿಯೂ ಇಲ್ಲ. ಹಳ್ಳ 18 ಅಡಿ ಅಗಲ, ಸಂಕ ಇಲ್ಲ, ಶಾಲೆಗೆ ಬೇರೆ ದಾರಿ ಇಲ್ಲ, ಐದು ಮಕ್ಕಳು, ಒಂದು ಮಳೆಗಾಲದಲ್ಲಿ ಇಪ್ಪತ್ತಾರು ದಿನ ಮನೆಯಲ್ಲಿ. ಇಂಗ್ಲಿಷಿನಲ್ಲೂ ಅಷ್ಟೇ. ಚಿಕ್ಕಮ್ಮ ಕೇಳಿ, "ಈಗ ಅಡ್ಡಿಲ್ಲ" ಅಂದ್ರು.

ಉತ್ತರ ಬರೋಕೆ ಎರಡು ತಿಂಗಳು ಹಿಡೀತು. ಮೊನ್ನೆ ಅಪ್ಪ ಅದರ ಫೋಟೋ ವಾಟ್ಸಾಪ್ ಮಾಡಿದ್ರು. ಒಂದೇ ವಾಕ್ಯ: ತಾಂತ್ರಿಕ ಅಡಚಣೆಗಳಿರುವುದರಿಂದ ಸದ್ಯಕ್ಕೆ ಪರಿಶೀಲನೆಯಲ್ಲಿದೆ.

ಯಾವ ಅಡಚಣೆ, ತಾಂತ್ರಿಕ ಅಂದ್ರೆ ನಿರ್ದಿಷ್ಟವಾಗಿ ಏನು, ಅಡಿಪಾಯದ್ದಾ, ಜಾಗದ್ದಾ, ದುಡ್ಡಿನದ್ದಾ ಅಂತ ಕೇಳಿ ಇನ್ನೊಂದು ಪತ್ರ ಬರೀತಾ ಇದ್ದೀನಿ. ಸಿವಿಲ್ ಬ್ರಾಂಚಿನ ಯಾರಾದ್ರೂ 18 ಅಡಿಯ ಕಾಲುಸಂಕಕ್ಕೆ ಒಂದು ಸರಳ ಡ್ರಾಯಿಂಗ್, ಅಂದಾಜು ಖರ್ಚು ಹಾಕಿಕೊಟ್ಟರೆ ಅದನ್ನೂ ಜೊತೆಗೆ ಲಗತ್ತಿಸ್ತೀನಿ. ಬುಧವಾರ ಸಂಘದ ಮೀಟಿಂಗ್ ಮುಗಿದ ಮೇಲೆ ಲೈಬ್ರರಿಯ ಡಿಕ್ಷನರಿ ಕಪಾಟಿನ ಹತ್ತಿರ ಸಿಗ್ತೀನಿ. ಮೇ ಮುಗಿಯೋದರ ಒಳಗೆ ಆಗಬೇಕು, ಜೂನ್‌ನಲ್ಲಿ ಮಳೆ ಹಿಡಿಯುತ್ತೆ. ಸದ್ಯಕ್ಕೆ ಅಪ್ಪ ಮತ್ತು ಲೈನ್‌ಮನೆಯವರು ಸೇರಿ ಎರಡು ಅಡಿಕೆ ಮರ ಕಡಿದು ಅಡ್ಡ ಹಾಕಿ, ಕೈಗೆ ಹಗ್ಗ ಕಟ್ಟಿದ್ದಾರೆ.